ಬಂದೂಕಿಗೆ ಸೇಫ್ಟಿ ಇದೆಯಲ್ಲ, ಮತ್ತೆ ಬೀಗ ಯಾಕೆ? ಲೈಸೆನ್ಸ್ ಇರುವವರಿಗೊಂದು ಮಾರ್ಗದರ್ಶಿ

ಪಾವಗಡ, ಮಧುಗಿರಿ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೈತಪ್ಪಿ ಗುಂಡು ಹಾರದಂತೆ ತಡೆಯುವ ಸೇಫ್ಟಿ ಬಟನ್ ಇದ್ದರೆ ಸಾಲದಾ? ಒಳಗೇ ಬೀಗ ಬರುವ ಬಂದೂಕು ಒಳ್ಳೆಯದಾ? ಟ್ರಿಗರ್‌ಗೆ ಹಾಕುವ ಬೀಗ ತಗೊಳ್ಳಲಾ, ಬೇಡವಾ? ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಇನ್ನೊಂದು ಸೇರಿಸುತ್ತಾರೆ: ಬೆರಳಚ್ಚು ಕೊಟ್ಟರೆ ಮಾತ್ರ ಹಾರುವ ಬಂದೂಕು ಬಂದಿದೆಯಂತೆ, ಅಪ್ಪನಿಗೆ ಅದನ್ನೇ ಕೊಡಿಸೋಣವಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೇಫ್ಟಿ ಇರುವುದು ಬಂದೂಕು ನಿಮ್ಮ ಕೈಯಲ್ಲಿರುವ ಹೊತ್ತಿಗೆ. ಬೀಗ ಇರುವುದು ನೀವು ಹತ್ತಿರ ಇಲ್ಲದ ಹೊತ್ತಿಗೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಒಳಗೇ ಬರುವ ಬೀಗದ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಯಾಕೆಂದು ನಾಲ್ಕನೇ ಹಂತದಲ್ಲಿ ಬರೆದಿದ್ದೇನೆ.

ಇದು ಲೈಸೆನ್ಸ್ ಇರುವವರಿಗೆ ಮಾತ್ರ. ತಾತ ತೀರಿಕೊಂಡಿದ್ದಾರೆ, ಅವರ ಬಂದೂಕು ಅಟ್ಟದ ಮೇಲಿದೆ ಎನ್ನುವವರು ಇದನ್ನು ಓದಿ ಎಣ್ಣೆ ಹಾಕಲು ಕೂರಬೇಡಿ. ಲೈಸೆನ್ಸ್ ಮುಗಿದ ಅಥವಾ ಲೈಸೆನ್ಸ್‌ದಾರರೇ ಇಲ್ಲದ ಬಂದೂಕನ್ನು ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಗನ್ ಅಂಗಡಿಗೋ ಒಪ್ಪಿಸಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಹೇಳುವುದು ಇದನ್ನೇ. ಮನೆಯವರಲ್ಲಿ ಒಬ್ಬರ ಹೆಸರಿಗೆ ಮಾಡಿಸುವ ಅರ್ಜಿ ಆಮೇಲೆ, ಡಿಸಿ ಆಫೀಸಿನಲ್ಲಿ.

ಏನೇನು ಬೇಕು

ಒಂದು ಸಣ್ಣ ಟಾರ್ಚ್. ನಿಮ್ಮ ಬಂದೂಕಿನ ಅಳತೆಯ ಡಮ್ಮಿ ಕಾಡತೂಸು ಎರಡು. ಇವುಗಳಲ್ಲಿ ಮದ್ದು ಇರುವುದಿಲ್ಲ, ಪರೀಕ್ಷೆಗೆಂದೇ ಮಾಡಿದ್ದು. ಗನ್ ಅಂಗಡಿಯಲ್ಲಿ ಸ್ನ್ಯಾಪ್ ಕ್ಯಾಪ್ ಎಂದು ಕೇಳಿ. ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಬೀಗ ಒಂದು. ಒಳಗೆ ಲಾಕರ್ ಇರುವ ಉಕ್ಕಿನ ಬೀರು. ಕಾಡತೂಸಿಗೆ ಬೇರೆ ಬೀಗದ ಪೆಟ್ಟಿಗೆ. ಹೊಲಿಗೆ ಯಂತ್ರದ ಎಣ್ಣೆ ಸ್ವಲ್ಪ. ಜೊತೆಗೆ ಅರ್ಧ ಗಂಟೆ ಯಾರೂ ಮಧ್ಯೆ ಬಂದು ಮಾತಾಡಿಸದ ಸಮಯ.

ಹಂತ 1: ಖಾಲಿ ಮಾಡಿ, ಖಾಲಿ ಎಂದು ಕಣ್ಣಾರೆ ನೋಡಿ

ಮೂತಿ ಎತ್ತ ಕಡೆ ಇರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಮರಳು ತುಂಬಿದ ಚೀಲವೋ ಮಣ್ಣಿನ ದಿಬ್ಬವೋ ಇದ್ದರೆ ಒಳ್ಳೆಯದು. ಕೋಲಾರ, ಚಿಂತಾಮಣಿ ಕಡೆ ಕಲ್ಲು ಚಪ್ಪಡಿಯ ಗೋಡೆಗಳು ಜಾಸ್ತಿ. ಗೋಡೆ ಗಟ್ಟಿ ಇದೆಯಲ್ಲ ಎಂದು ಅತ್ತ ತಿರುಗಿಸಬೇಡಿ. ಕಲ್ಲಿಗೆ ಬಡಿದ ಗುಂಡು ಎತ್ತ ಚಿಮ್ಮುತ್ತದೋ ಹೇಳಲಾಗದು.

ಮಡಚಿ ತೆರೆಯುವ ಸಿಂಗಲ್ ಬ್ಯಾರಲ್, ಡಬಲ್ ಬ್ಯಾರಲ್ ಬಂದೂಕಾದರೆ ತೆರೆದು, ಕಾಡತೂಸು ತೆಗೆದು, ನಳಿಗೆಯೊಳಗೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಬೆಳಕು ಆಚೆ ಕಾಣಬೇಕು. ಕಣಜದ ಹುಳು ಗೂಡು ಕಟ್ಟಿದ್ದರೂ ಆಗಲೇ ಗೊತ್ತಾಗುತ್ತದೆ. ಕಟ್ಟಿದ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆಯೇ ಸಿಡಿಯಬಹುದು.

ಪಿಸ್ತೂಲಿನಲ್ಲಿ ಎಡವುವವರು ಜಾಸ್ತಿ. ಮೊದಲು ಮ್ಯಾಗಜೀನ್, ಅಂದರೆ ಗುಂಡು ತುಂಬುವ ಪೆಟ್ಟಿಗೆ, ಹೊರಗೆ ಬರಬೇಕು. ಆಮೇಲೆ ಸ್ಲೈಡ್, ಅಂದರೆ ಮೇಲೆ ಜಾರುವ ಭಾಗ, ಹಿಂದಕ್ಕೆ ಎಳೆಯಬೇಕು. ಇದನ್ನು ತಿರುವುಮುರುವು ಮಾಡಿದರೆ ಒಂದು ಗುಂಡು ಆಚೆ ಬಂದು, ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಹೋಗಿ ಕೂರುತ್ತದೆ. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ಚೇಂಬರಿನಲ್ಲಿ, ಅಂದರೆ ಗುಂಡು ಕೂರುವ ಗೂಡಿನಲ್ಲಿ, ಒಂದು ಉಳಿದಿರಬಹುದು. ಅಲ್ಲಿಗೆ ಕಣ್ಣು ಹಾಕಿ, ಕಿರುಬೆರಳು ಇಟ್ಟೂ ನೋಡಿ.

ನಳಿಗೆಯ ಬಾಯಿಯಿಂದ ಮದ್ದು ತುಂಬುವ ನಾಡಬಂದೂಕು ಇನ್ನೂ ಕಷ್ಟ. ತುಂಬಿದೆಯೋ ಇಲ್ಲವೋ ಹೊರಗೆ ಕಾಣುವುದಿಲ್ಲ. ಮೊದಲು ಕ್ಯಾಪ್, ಅಂದರೆ ಬಡಿದಾಗ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಸಣ್ಣ ಟೋಪಿ, ಇದ್ದರೆ ತೆಗೆಯಿರಿ. ನಂತರ ಗಜ, ಅಂದರೆ ಮದ್ದು ಜಡಿಯುವ ಕೋಲು, ಒಳಗೆ ಬಿಡಿ. ಖಾಲಿ ಇದ್ದಾಗ ಗಜ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಗಜದ ಮೇಲೆ ಒಂದು ಗೀಟು ಹಾಕಿಟ್ಟಿರಬೇಕು. ಗೀಟು ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದೇ ಅರ್ಥ. ಇದನ್ನೆಲ್ಲ ಮಾಡುವಾಗ ಮುಖ, ಎದೆ ಬಾಯಿಯ ನೇರಕ್ಕೆ ಬರಕೂಡದು. ತುಂಬಿದ್ದು ಕಂಡರೆ ಕೆದಕಿ ತೆಗೆಯಲು ಹೋಗಬೇಡಿ. ಕ್ಯಾಪ್ ದೂರ ಇಟ್ಟು, ಗನ್ ಅಂಗಡಿಯವರನ್ನು ವಿಚಾರಿಸಿ.

ಹಂತ 2: ನಿಮ್ಮದರಲ್ಲಿ ಯಾವ ಸೇಫ್ಟಿ ಇದೆ, ಅದು ಏನನ್ನು ತಡೆಯುತ್ತದೆ?

ಎಲ್ಲ ಗೊಂದಲದ ಬೇರು ಇಲ್ಲೇ ಇರುವುದು. ಸೇಫ್ಟಿ ಎಂದರೆ ಇಡೀ ಬಂದೂಕಿಗೆ ಕಾವಲು ಎಂದುಕೊಂಡಿರುತ್ತಾರೆ. ನಿಜಕ್ಕೂ ಅದು ಒಳಗಿನ ಯಾವುದೋ ಒಂದು ಭಾಗವನ್ನು ತಡೆಯುತ್ತದೆ, ಅಷ್ಟೇ.

ಬಂದೂಕು ಹಾರುವ ಬಗೆ ತಿಳಿದರೆ ಇದು ಸುಲಭ. ಹ್ಯಾಮರ್ ಎಂದರೆ ಸ್ಪ್ರಿಂಗಿನ ಬಲದಿಂದ ಬಡಿಯುವ ಸುತ್ತಿಗೆ. ಎತ್ತಿದ ಹ್ಯಾಮರನ್ನು ಹಿಡಿದು ನಿಲ್ಲಿಸುವ ಸಣ್ಣ ಕೊಂಡಿಯೇ ಸಿಯರ್. ಟ್ರಿಗರ್ ಎಳೆದರೆ ಸಿಯರ್ ಬಿಡುತ್ತದೆ, ಹ್ಯಾಮರ್ ಬೀಳುತ್ತದೆ, ಫೈರಿಂಗ್ ಪಿನ್ ಎಂಬ ಮೊಳೆ ಕಾಡತೂಸಿನ ಬುಡಕ್ಕೆ ಚುಚ್ಚುತ್ತದೆ.

*ಡಬಲ್ ಬ್ಯಾರಲ್, ಹ್ಯಾಮರ್ ಒಳಗಿರುವುದು.* ಹೆಬ್ಬೆರಳು ಕೂರುವ ಜಾಗದಲ್ಲಿ, ನಳಿಗೆಯ ಹಿಂದೆ ಮೇಲ್ಗಡೆ, ಜಾರುವ ಬಟನ್ ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ತಡೆಯುವುದು ಟ್ರಿಗರನ್ನು ಮಾತ್ರ. ಹ್ಯಾಮರ್ ಒಳಗೆ ಎತ್ತಿಕೊಂಡೇ ಕೂತಿರುತ್ತದೆ. ಸಿಯರ್ ಸವೆದಿದ್ದರೆ, ಬಂದೂಕು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ, ಸೇಫ್ಟಿ ಹಾಕಿದ್ದರೂ ಹಾರಬಹುದು. ಬೆಲೆ ಬಾಳುವ ಕೆಲವು ಬಂದೂಕುಗಳಲ್ಲಿ ಬೀಳುವ ಹ್ಯಾಮರನ್ನು ನಡುವೆ ಹಿಡಿಯಲು ಎರಡನೇ ಸಿಯರ್ ಇರುತ್ತದೆ. ನಮ್ಮ ಹಳ್ಳಿ ಮನೆಗಳ ಬಂದೂಕಿನಲ್ಲಿ ಅದು ಇದೆ ಎಂದು ನಂಬಿ ಕೂರಬೇಡಿ. ಇನ್ನೊಂದು ಮಾತು: ಕೆಲವು ಡಬಲ್ ಬ್ಯಾರಲ್‌ಗಳಲ್ಲಿ ತೆರೆದು ಮುಚ್ಚಿದ ಕೂಡಲೇ ಸೇಫ್ಟಿ ತಾನಾಗಿಯೇ ಬೀಳುತ್ತದೆ, ಕೆಲವದರಲ್ಲಿ ಬೀಳುವುದಿಲ್ಲ. ನೆಂಟರ ಬಂದೂಕಿನ ರೂಢಿಯನ್ನು ನಿಮ್ಮ ಬಂದೂಕಿಗೆ ಹಚ್ಚಬೇಡಿ.

*ಹ್ಯಾಮರ್ ಹೊರಗೆ ಕಾಣುವ ಬಂದೂಕು.* ಇವುಗಳಲ್ಲಿ ಎಷ್ಟೋ ಕಡೆ ಬಟನ್ನೇ ಇರುವುದಿಲ್ಲ. ಅರ್ಧ ಎತ್ತಿ ನಿಲ್ಲಿಸುವುದನ್ನೇ ಸೇಫ್ಟಿ ಎನ್ನುತ್ತಾರೆ, ಹಾಫ್ ಕಾಕ್ ಎಂದು ಅದರ ಹೆಸರು. ಆ ಕಚ್ಚು ಸವೆಯುತ್ತದೆ. ಹಳೇ ಬಂದೂಕಿನಲ್ಲಿ ನಾನು ಅದನ್ನು ಸೇಫ್ಟಿ ಎಂದು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಪೂರ್ತಿ ಎತ್ತಿದ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸುವಾಗ ಜಾರುವುದು ಉಂಟು, ಬೆವರು ಕೈಯಾದರೆ ಇನ್ನೂ ಜಾಸ್ತಿ. ತೆರೆದು ಕಾಡತೂಸು ತೆಗೆದ ಮೇಲೆ ಹ್ಯಾಮರ್ ಇಳಿಸಿ. ಹ್ಯಾಮರ್ ಎತ್ತಿದ್ದಾಗ ತೆರೆಯದ ಬಂದೂಕುಗಳೂ ಇವೆ. ನಿಮ್ಮದು ಅಂಥದ್ದಾದರೆ ಇಳಿಸುವ ಕ್ರಮವನ್ನು ಅಂಗಡಿಯಲ್ಲೇ ಮಾಡಿಸಿ ನೋಡಿಕೊಳ್ಳಿ.

*ರಿವಾಲ್ವರ್.* ಸಾಮಾನ್ಯವಾಗಿ ಸೇಫ್ಟಿ ಬಟನ್ ಇರುವುದಿಲ್ಲ. ಈಗಿನವುಗಳಲ್ಲಿ ಟ್ರಿಗರ್ ಪೂರ್ತಿ ಎಳೆಯದ ಹೊರತು ಹ್ಯಾಮರಿನ ಪೆಟ್ಟು ಪಿನ್ನಿಗೆ ಮುಟ್ಟದಂತೆ ಒಳಗೊಂದು ಪಟ್ಟಿ ಇರುತ್ತದೆ. ಹಳೆಯ ಮಾದರಿಗಳಲ್ಲಿ ಅದೂ ಇಲ್ಲ. ಅದಕ್ಕೇ ಹಳಬರು ಹ್ಯಾಮರಿನ ಕೆಳಗಿನ ಗೂಡನ್ನು ಖಾಲಿ ಬಿಡುತ್ತಿದ್ದರು. ಆ ರೂಢಿ ಸುಮ್ನೆ ಬಂದದ್ದಲ್ಲ.

*ಪಿಸ್ತೂಲು.* ಇದರಲ್ಲಿ ಬಗೆ ಬಗೆ. ಹೆಬ್ಬೆರಳಿನ ಬಟನ್, ಹಿಡಿ ಒತ್ತಿದರೆ ಮಾತ್ರ ಬಿಡುವ ಗ್ರಿಪ್ ಸೇಫ್ಟಿ, ಪಿನ್ನನ್ನೇ ತಡೆಯುವ ಒಳ ಸೇಫ್ಟಿ, ಮ್ಯಾಗಜೀನ್ ತೆಗೆದರೆ ಹಾರದ ಏರ್ಪಾಡು. 1980ರ ದಶಕದ ಆರಂಭದಲ್ಲಿ ಬಂದ ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲಿನಲ್ಲಿ ಪಕ್ಕದ ಬಟನ್ನೇ ಇಲ್ಲ, ಇರುವ ಮೂರೂ ಸೇಫ್ಟಿಗಳು ಟ್ರಿಗರ್ ಎಳೆದಂತೆ ತಾವೇ ಬಿಟ್ಟುಕೊಳ್ಳುತ್ತವೆ. ಕೆಳಗೆ ಬಿದ್ದಾಗ ಹಾರದಂತೆ ಅವು ಚೆನ್ನಾಗಿ ಕಾಯುತ್ತವೆ. ಮಗುವಿನ ಬೆರಳು ಟ್ರಿಗರಿಗೆ ಹೋದರೆ ಅವು ತಡೆಯುವುದಿಲ್ಲ.

*ನಾಡಬಂದೂಕು.* ಸೇಫ್ಟಿ ಇಲ್ಲ. ಕ್ಯಾಪ್ ಬೇರೆ ಇಡುವುದೇ ಸೇಫ್ಟಿ.

ಹಂತ 3: ಸೇಫ್ಟಿ ಕೆಲಸ ಮಾಡುತ್ತಿದೆಯೇ, ನೋಡಿ

ಹಂತ 1 ಮುಗಿಯದೆ ಇದಕ್ಕೆ ಕೈ ಹಾಕಬೇಡಿ. ನಿಜವಾದ ಕಾಡತೂಸು ಆ ಕೋಣೆಯಲ್ಲೇ ಇರಬಾರದು. ಬಟನ್ ಇರುವ ಡಬಲ್ ಬ್ಯಾರಲ್‌ಗೆ ಕ್ರಮ ಹೀಗಿದೆ.

1. ಡಮ್ಮಿ ಹಾಕಿ ಮುಚ್ಚಿ, ಸೇಫ್ಟಿ ಹಾಕಿ.
2. ಮೊದಲ ಟ್ರಿಗರನ್ನು ಸ್ವಲ್ಪ ಬಲವಾಗಿಯೇ ಎಳೆಯಿರಿ. ಆಮೇಲೆ ಎರಡನೆಯದು. ಟಿಕ್ ಎನ್ನಬಾರದು.
3. ಬೆರಳು ಪೂರ್ತಿ ತೆಗೆದು ಸೇಫ್ಟಿ ಬಿಡಿಸಿ. ಹ್ಯಾಮರ್ ಬಿದ್ದ ಸದ್ದು ಈಗ ಬಂದರೆ ಅದು ದೊಡ್ಡ ದೋಷ. ಸೇಫ್ಟಿ ಹಾಕಿದ್ದಾಗಲೇ ಸಿಯರ್ ಅಲುಗಿತ್ತು, ಬಟನ್ ಸುಮ್ಮನೆ ತಡೆದು ನಿಲ್ಲಿಸಿತ್ತು ಎಂದರ್ಥ.
4. ಈಗ ಟ್ರಿಗರ್ ಎಳೆದರೆ ಟಿಕ್ ಎನ್ನಬೇಕು. ಎರಡನೆಯದಕ್ಕೂ ಹಾಗೇ.

ಮೂರನೇ ಅಂಶವನ್ನು ಬಿಟ್ಟು ಪರೀಕ್ಷೆ ಮಾಡಿದೆ ಎನ್ನುವವರೇ ಹೆಚ್ಚು. ಟ್ರಿಗರ್ ಎಳೆದರೆ ಹಾರಲಿಲ್ಲ, ಸರಿ ಇದೆ ಎಂದು ಎತ್ತಿಡುತ್ತಾರೆ. ಅಪಾಯ ಕೂತಿರುವುದು ಸೇಫ್ಟಿ ಬಿಡಿಸುವ ಹೊತ್ತಿನಲ್ಲಿ.

ಬಟನ್ ಬಿಗಿಯಾಗಿದ್ದರೆ ಎಣ್ಣೆ ಯಾವುದು ಹಾಕುತ್ತೀರಿ ಎಂದು ಒಮ್ಮೆ ಯೋಚಿಸಿ. ತಿಪಟೂರು, ಗುಬ್ಬಿ ಕಡೆ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿರುವುದನ್ನು ನೋಡಿದ್ದೀರಲ್ಲ, ಬಂದೂಕಿನೊಳಗೂ ಅದೇ ಆಗುವುದು. ಕಾಲ ಕಳೆದಂತೆ ಅಂಟಾಗಿ, ಪಾವಗಡದ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಅಡುಗೆ ಎಣ್ಣೆಗಳೆಲ್ಲ ಇದೇ ಜಾತಿ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು, ಎರಡು ಬೇಡ.

ಪರೀಕ್ಷೆಯಲ್ಲಿ ಸೋತ ಬಂದೂಕನ್ನು ಊರಿನ ಕುಲುಮೆಗೋ ವೆಲ್ಡಿಂಗ್ ಶಾಪಿಗೋ ಒಯ್ಯಬೇಡಿ. ಬಂದೂಕು ರಿಪೇರಿ ಮಾಡಲೂ ಲೈಸೆನ್ಸ್ ಬೇಕು, ಕಾಯ್ದೆಯ 5ನೇ ಕಲಮು ಅದನ್ನು ಹೇಳುತ್ತದೆ. ರಿಪೇರಿ ಮಾಡಿದವರಿಗೂ ಕೇಸು, ಕೊಟ್ಟ ನಿಮಗೂ ತಾಪತ್ರಯ. ಸೇಫ್ಟಿ ಕಿರಿಕಿರಿ ಎಂದು ಬಿಚ್ಚಿಸಿ ಹಾಕುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಆ ಬಂದೂಕಿನ ಹತ್ತಿರ ನಾನು ಬರುವುದಿಲ್ಲ.

ಹಂತ 4: ಒಳಗೇ ಬರುವ ಬೀಗ ಬೇಕಾ?

ಕೆಲವು ರಿವಾಲ್ವರ್, ಪಿಸ್ತೂಲುಗಳಲ್ಲಿ ತಯಾರಕರೇ ಸಣ್ಣ ಕೀ ಹಾಕುವ ತೂತು ಇಟ್ಟಿರುತ್ತಾರೆ. ಕೀ ತಿರುಗಿಸಿದರೆ ಒಳಗೆ ಹ್ಯಾಮರ್ ಕಚ್ಚಿಕೊಳ್ಳುತ್ತದೆ. ಇದರ ಮೇಲೆ ಅಮೆರಿಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಜಗಳ ನಡೆದಿದೆ. ಅಲ್ಲಿನ ಸ್ಮಿತ್ ಅಂಡ್ ವೆಸನ್ ಕಂಪನಿ 2000ದಲ್ಲಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ತನ್ನ ರಿವಾಲ್ವರ್‌ಗಳಿಗೆ ಇಂಥ ಬೀಗ ಹಾಕತೊಡಗಿತು. ಹಾರಿಸುವಾಗಿನ ಒದೆತಕ್ಕೆ ಬೀಗ ತಾನಾಗಿಯೇ ಬಿದ್ದುಬಿಡುತ್ತದೆ ಎಂದು ಒಂದು ಗುಂಪು. ಎಷ್ಟು ಹಾರಿಸಿದರೂ ಹಾಗಾಗಿಲ್ಲ ಎಂದು ಇನ್ನೊಂದು. ಇತ್ತೀಚೆಗೆ ಅದೇ ಕಂಪನಿ ಬೀಗ ಇಲ್ಲದ ಮಾದರಿಗಳನ್ನೂ ಮಾರುತ್ತಿದೆ.

ನನಗೆ ಆ ಜಗಳಕ್ಕಿಂತ ಮುಖ್ಯವಾದದ್ದು ಬೇರೆ. ಒಳಗಿನ ಬೀಗ ಬಿದ್ದಿದೆಯೋ ಇಲ್ಲವೋ ದೂರದಿಂದ ಕಾಣುವುದಿಲ್ಲ. ಗುಂಡು ತುಂಬಿದ್ದರೂ ಅದನ್ನು ಹಾಕಲು ಬರುತ್ತದೆ. ಬೀಗ ಹಾಕಿದ್ದೇನೆ ಎಂಬ ಧೈರ್ಯದಲ್ಲಿ ತುಂಬಿದ ರಿವಾಲ್ವರನ್ನು ದಿಂಬಿನ ಕೆಳಗೆ ಇಡುವುದು ಆಗಲೇ. ಹೊರಗಿನಿಂದ ತೂರಿಸುವ ಕೇಬಲ್ ಬೀಗ ಹಾಗಲ್ಲ. ಬಂದೂಕು ತೆರೆಯದೆ ಅದು ಒಳಗೆ ಹೋಗುವುದೇ ಇಲ್ಲ. ಹಾಕುವ ಕೆಲಸವೇ ನಿಮ್ಮಿಂದ ಪರೀಕ್ಷೆ ಮಾಡಿಸುತ್ತದೆ. ಬಾಗಿಲಲ್ಲಿ ನಿಂತೇ ಕೇಬಲ್ ಕಾಣುತ್ತದೆ. ನನ್ನ ಓಟು ಇದಕ್ಕೆ. ನಿಮ್ಮದರಲ್ಲಿ ಒಳಬೀಗ ಇದ್ದರೆ ಬಳಸಿ, ಬೇಡ ಎನ್ನುವುದಿಲ್ಲ. ಅದೊಂದನ್ನೇ ನಂಬಬೇಡಿ.

ಬೆರಳಚ್ಚಿನ ಬಂದೂಕಿನ ವಿಷಯಕ್ಕೆ ಬರೋಣ. ಜರ್ಮನಿಯ ಆರ್ಮಾಟಿಕ್ಸ್ ಕಂಪನಿಯ ಒಂದು ಪಿಸ್ತೂಲು ಕೈಗಡಿಯಾರದ ರೇಡಿಯೋ ಸಂಕೇತ ಸಿಕ್ಕರೆ ಮಾತ್ರ ಹಾರುತ್ತಿತ್ತು. 2017ರಲ್ಲಿ ಒಬ್ಬ ಹ್ಯಾಕರ್ ಅಗ್ಗದ ಅಯಸ್ಕಾಂತ ಹಿಡಿದು ಗಡಿಯಾರ ಇಲ್ಲದೆಯೇ ಹಾರಿಸಿ ತೋರಿಸಿದ. 2023ರಲ್ಲಿ ಬಯೋಫೈರ್ ಎಂಬ ಅಮೆರಿಕನ್ ಕಂಪನಿ ಬೆರಳು, ಮುಖ ಎರಡನ್ನೂ ಗುರುತಿಸುವ ಪಿಸ್ತೂಲು ಪ್ರಕಟಿಸಿತು. ತಂತ್ರ ಮುಂದೆ ಹೋಗುತ್ತಿರುವುದು ಒಳ್ಳೆಯದೇ. ಆದರೆ ನಮ್ಮ ರೇಷನ್ ಅಂಗಡಿ ಮುಂದೆ ಒಂದು ಗಳಿಗೆ ನಿಂತು ನೋಡಿ. ಕಳೆ ಕಿತ್ತು, ಟೊಮೆಟೊ ಬಿಡಿಸಿ ಬೆರಳಗೆರೆ ಸವೆದವರ ಹೆಬ್ಬೆಟ್ಟು ಯಂತ್ರಕ್ಕೆ ಹತ್ತುವುದೇ ಇಲ್ಲ, ಅಲ್ವಾ? ಬೆರಳಚ್ಚಿನ ಪೆಟ್ಟಿಗೆ ಕೊಳ್ಳುವವರೂ ಇದನ್ನು ನೆನಪಿಡಿ. ಪಕ್ಕದಲ್ಲಿ ಕೀ ಇರುವಂಥದ್ದನ್ನೇ ತಗೊಳ್ಳಿ.

ಹಂತ 5: ಹೊರಗಿನ ಬೀಗ ಹಾಕುವ ಬಗೆ

ಮಡಚುವ ಬಂದೂಕಿಗೆ ಎಲ್ಲಕ್ಕಿಂತ ಸುಲಭದ ದಾರಿ ಬಿಚ್ಚಿಡುವುದು. ನಳಿಗೆಯ ಕೆಳಗಿನ ಮರದ ತುಂಡು, ಅಂದರೆ ಫೋರೆಂಡ್, ತೆಗೆದರೆ ನಳಿಗೆ ಕಳಚಿ ಬರುತ್ತದೆ. ನಳಿಗೆ ಒಂದು ಕಡೆ, ಹಿಡಿಯ ಭಾಗ ಇನ್ನೊಂದು ಕಡೆ ಬೀಗದೊಳಗೆ ಇಡಿ. ಒಂದು ಸಿಕ್ಕಿದವರಿಗೆ ಬಂದೂಕು ಸಿಕ್ಕಿದ ಹಾಗಲ್ಲ. ಫೋರೆಂಡನ್ನು ಮಾತ್ರ ಎಲ್ಲೋ ಇಟ್ಟು ಮರೆಯಬೇಡಿ.

ಬಿಚ್ಚುವುದು ಬೇಡ ಎಂದರೆ ಕೇಬಲ್. ಬಂದೂಕು ತೆರೆದು, ಹಿಂದಿನಿಂದ ಒಂದು ನಳಿಗೆಯೊಳಗೆ ತೂರಿಸಿ, ಬಾಯಿಂದ ಆಚೆ ತೆಗೆದು ಸುತ್ತಿ ಬೀಗ ಹಾಕಿ. ಕೇಬಲ್ ಒಳಗಿರುವಷ್ಟು ಹೊತ್ತು ಬಂದೂಕು ಮುಚ್ಚುವುದಿಲ್ಲ. 12 ಬೋರ್ ನಳಿಗೆಯ ಒಳಗಲ ಸುಮಾರು 18 ಮಿಲಿಮೀಟರ್, ಸಾಧಾರಣ ಸೈಕಲ್ ಕೇಬಲ್ ಬೀಗ ಸಲೀಸಾಗಿ ಹೋಗುತ್ತದೆ. ಉದ್ದ ನೋಡಿ ತಗೊಳ್ಳಿ. 30 ಇಂಚಿನ ನಳಿಗೆಗೆ 6 ಅಡಿ ಕೇಬಲ್ ಬೇಕಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಬೇಡ, ತಂತಿ ಒಳಗೋಡೆಯನ್ನು ಗೀರುತ್ತದೆ.

ಪಿಸ್ತೂಲಿಗೆ ಸ್ಲೈಡ್ ಹಿಂದಕ್ಕೆ ನಿಲ್ಲಿಸಿ, ಮೇಲಿನ ಕಿಂಡಿಯಿಂದ ತೂರಿಸಿ ಮ್ಯಾಗಜೀನಿನ ಜಾಗದಿಂದ ಆಚೆ ತೆಗೆಯಿರಿ. ಇದಕ್ಕೆ ಸಣಕಲು ಕೇಬಲ್ ಬೇಕು. ರಿವಾಲ್ವರಿಗೆ ತೆರೆದು ನಳಿಗೆಯೊಳಗೆ.

ಟ್ರಿಗರ್ ಬೀಗ ಎಂದರೆ ಟ್ರಿಗರಿನ ಎರಡೂ ಕಡೆಯಿಂದ ಕಚ್ಚುವ ಎರಡು ಹೋಳು. ತುಂಬಿದ ಬಂದೂಕಿಗೆ ಇದನ್ನು ಯಾವ ಕಾರಣಕ್ಕೂ ಹಾಕಬಾರದು. ಹಾಕುವಾಗಲೇ ಟ್ರಿಗರ್ ಒತ್ತಿಬಿಡಬಹುದು. ಎರಡು ಟ್ರಿಗರ್ ಇರುವ ಬಂದೂಕಿಗೆ ಇದು ಸರಿಯಾಗಿ ಕೂರುವುದೂ ಕಡಿಮೆ, ಅಲ್ಲಾಡುತ್ತಿರುತ್ತದೆ. ಇನ್ನು ಪೆಟ್ಟಿ ಅಂಗಡಿಯಲ್ಲಿ ಸಿಗುವ ಚಿಕ್ಕ ಬೀಗವನ್ನು ಟ್ರಿಗರಿನ ಹಿಂದೆ ನೇತುಹಾಕುವುದು. ಬೀಗದ ಕೊಂಡಿ ಟ್ರಿಗರ್ ಮೇಲೆ ಕೂತರೆ ಕೆಲಸ ಕೆಟ್ಟಿತು. ಈಗಲೇ ತೆಗೆದುಹಾಕಿ.

ಹಂತ 6: ಬೀರು, ಕೀ, ಕಾಡತೂಸು

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಬಂದೂಕನ್ನು ಭದ್ರವಾಗಿ ಇಡುತ್ತೇನೆ ಎಂದು ಲೈಸೆನ್ಸ್ ಕೇಳುವಾಗ ಬರೆದುಕೊಡಬೇಕು. ಗೋಡೆಯ ಮೊಳೆ, ಅಟ್ಟ, ಹಾಸಿಗೆ ಸುರುಳಿ ಇವು ಯಾವುದೂ ಭದ್ರ ಜಾಗವಲ್ಲ. ಎತ್ತರದಲ್ಲಿಟ್ಟರೆ ಮಕ್ಕಳಿಗೆ ಸಿಗದು ಎನ್ನುತ್ತಾರೆ. ಡಬ್ಬಿಯ ಚಕ್ಕುಲಿ ಸಿಗುವ ಮಕ್ಕಳಿಗೆ ಬಂದೂಕು ಸಿಗುವುದಿಲ್ಲವೇ?

ಬಂದೂಕಿನ ಬೀಗದ ಕೀ ಮನೆಯ ಕೀ ಗೊಂಚಲಿನಲ್ಲಿ ಇರಬಾರದು. ಗೊಂಚಲು ಕೈಯಿಂದ ಕೈಗೆ ಹೋಗುತ್ತದೆ, ಲೈಸೆನ್ಸ್ ಇರುವುದು ನಿಮ್ಮ ಒಬ್ಬರಿಗೆ. ದೇವರ ಫೋಟೋ ಹಿಂದೆ, ಅಕ್ಕಿ ಡಬ್ಬಿಯಲ್ಲಿ ಇಡುವುದನ್ನು ಮನೆಯವರೆಲ್ಲ ನೋಡಿರುತ್ತಾರೆ. ನಂಬರ್ ಬೀಗವಾದರೆ ಹುಟ್ಟಿದ ವರ್ಷ, ಬೈಕ್ ನಂಬರ್ ಬೇಡ.

ಕಾಡತೂಸು ಬೇರೆ ಪೆಟ್ಟಿಗೆ, ಬೇರೆ ಬೀಗ, ಸಾಧ್ಯವಾದರೆ ಬೇರೆ ಕೋಣೆ. ಒಲೆಯಿಂದ ದೂರ, ಒಣ ಜಾಗ. ಎಷ್ಟು ಇದೆ ಎಂದು ಲೆಕ್ಕ ಬರೆದಿಡಿ. ಒಂದು ಕಡಿಮೆಯಾದರೂ ಗೊತ್ತಾಗಬೇಕು.

ಬೆಳೆ ಕಾವಲಿಗೆ ಹೋಗುವವರಿಗೆ ಒಂದು ಮಾತು. ಕಡಲೆಕಾಯಿ ಹೊಲದ ಗುಡಿಸಲಲ್ಲಿ ಬಂದೂಕು ಬಿಟ್ಟು ಊಟಕ್ಕೆ ಹೋಗಬೇಡಿ. ನಡೆಯುವಾಗ, ಬದು ಹತ್ತುವಾಗ, ಬೇಲಿ ದಾಟುವಾಗ ತೆರೆದು ಕಾಡತೂಸು ತೆಗೆದೇ ದಾಟಿ. ಆಗ ಸೇಫ್ಟಿ ಬಟನ್ ಒಂದನ್ನೇ ನಂಬುವುದು ತಪ್ಪು ಲೆಕ್ಕ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಹಂದಿ ಹೊಡೆಯಲು ಅನುಮತಿ ಸಿಕ್ಕ ಹಾಗಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ, ಅದನ್ನು ಅರಣ್ಯ ಇಲಾಖೆಯಲ್ಲಿ ಕೇಳಬೇಕು.

ಹಂತ 7: ಬೀಗದಿಂದ ಆಚೆ ಬರುವ ದಿನಗಳು

ಆಯುಧ ಪೂಜೆಯ ದಿನ ಬಂದೂಕು ನಡುಮನೆಗೆ ಬರುತ್ತದೆ. ಮನೆ ತುಂಬ ನೆಂಟರು, ಮಕ್ಕಳು. ಪೂಜೆಗೆ ಇಡುವ ಮುಂಚೆ ಹಂತ 1 ಮಾಡಿ, ತೆರೆದೇ ಇಡಿ. ಕೇಬಲ್ ಹಾಕಿಯೇ ಇಟ್ಟರೂ ಪೂಜೆಗೆ ಅಡ್ಡಿಯೇನಿಲ್ಲ. ಕುಂಕುಮ, ವಿಭೂತಿ ಮರದ ಹಿಡಿಗೆ ಹಚ್ಚಿ. ಟ್ರಿಗರ್, ಸೇಫ್ಟಿ ಬಟನ್ ಸಂದಿಗೆ ಹೋದ ಪುಡಿ ಎಣ್ಣೆ ಸೇರಿ ಕೆಸರಾಗುತ್ತದೆ. ಮಂಗಳಾರತಿ ಆದ ಮೇಲೆ ಒರೆಸಿ ಒಳಗಿಡಿ, ಊಟದ ನಂತರ ಎನ್ನಬೇಡಿ.

ಮದುವೆ, ಜಾತ್ರೆ ಮೆರವಣಿಗೆಗೆ ಒಯ್ಯಲೇಬೇಡಿ. ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2019ರ ತಿದ್ದುಪಡಿಯಲ್ಲಿ ಇದು ಸೇರಿದೆ.

ಚುನಾವಣೆ ಬಂದಾಗ ಡಿಸಿ ಆದೇಶದಂತೆ ಬಂದೂಕನ್ನು ಠಾಣೆಯಲ್ಲೋ ಗನ್ ಅಂಗಡಿಯಲ್ಲೋ ಜಮಾ ಮಾಡಬೇಕಾಗುತ್ತದೆ. ಒಯ್ಯುವಾಗ ಖಾಲಿ ಇರಲಿ, ಕವರಿನಲ್ಲಿರಲಿ, ಲೈಸೆನ್ಸ್ ಜೊತೆಗಿರಲಿ. ಸಿಬ್ಬಂದಿಯ ಎದುರೇ ತೆರೆದು ಖಾಲಿ ತೋರಿಸಿ. ನಿಮ್ಮ ಕೇಬಲ್ ಬೀಗವನ್ನು ಬಿಚ್ಚಿ ವಾಪಸ್ ತನ್ನಿ, ಇಲ್ಲದಿದ್ದರೆ ಕೀ ಒಂದು ಕಡೆ, ಬಂದೂಕು ಒಂದು ಕಡೆ ಆಗಿ ತಲೆನೋವು. ರಸೀದಿಯಲ್ಲಿ ಬಂದೂಕಿನ ನಂಬರ್ ಸರಿಯಾಗಿ ಬರೆದಿದ್ದಾರಾ ಎಂದು ಅಲ್ಲೇ ನಿಂತು ಓದಿಕೊಳ್ಳಿ. ವಾಪಸ್ ತಂದ ದಿನ ಹಂತ 1 ಮತ್ತು 3 ಮತ್ತೆ ಮಾಡಿ. ಎಷ್ಟೋ ಬಂದೂಕುಗಳ ಜೊತೆ ಒರಗಿಸಿಟ್ಟಿದ್ದರೆ, ಬಿದ್ದು ಪೆಟ್ಟು ತಿಂದಿದ್ದರೂ ತಿಂದಿರಬಹುದು.